ಸುರಂಗದ ರಾಯರು

ಮೈಸೂರು ಸೀಮೆಯ ಯಾವ ಊರಿಗೇ ಹೋದರೂ, ಆ ಊರಿಗೆ ಒಂದು ಕೋಟೆಯೋ ಕೋಟೆಯ ಅವಶೇಷವೋ ಇದ್ದದ್ದಾದರೆ, ಅದರೊಳಗಿನಿಂದ ಹೊರಟು ದೂರ ಪ್ರಯಾಣ ಮಾಡುವ ಸುರಂಗವೊಂದು ಇರಲೇಬೇಕೆಂಬುದು ಲೋಕಸಮ್ಮತವಾದ ನಿಯಮ. ಈ ಸುರಂಗಗಳ ಲಕ್ಷಣಗಳೂ ಬಹುಮಟ್ಟಿಗೆ ಏಕರೂಪವಾದವು: ಕುದುರೆಯ ಮೇಲೆ ಕುಳಿತ ಸವಾರನು ತಲೆ ಬಗ್ಗಿಸದೆ ಹೋಗಬಹುದಾದಷ್ಟು ಎತ್ತರ ಅವಕ್ಕಿರುತ್ತದೆ, ಶ್ರೀರಂಗಪಟ್ಟಣವನ್ನು ಮುಟ್ಟುವವರೆಗೆ ಅವು ನಿಲ್ಲುವುದಿಲ್ಲ, ಈ ಕಡೆಯ ಕೊಳದಲ್ಲಿ ಹಾಕಿದ ನಿಂಬೆಹಣ್ಣು ಆ ಕಡೆಯ ಕೊಳದಲ್ಲಿ ತೇಲಿದ್ದನ್ನು ಕಣ್ಣಾರೆ ಕಂಡವರ ಮಗನನ್ನು ಬಲ್ಲವರು ಊರಿನಲ್ಲಿ ಒಬ್ಬರಾದರೂ ಇರುತ್ತಾರೆ, ಮತ್ತು ಇವೆಲ್ಲವೂ, ನಾವು ನೋಡಹೋಗುವುದಕ್ಕೆ ಸ್ವಲ್ಪ ಕಾಲ ಮುಂಚೆ, ಯಾರೋ ಆಂಗ್ಲೇಯ ಅಧಿಕಾರಿಯ ಆಜ್ಞೆಯಿಂದ ಶಾಶ್ವತವಾಗಿ ಮುಚ್ಚಿಹೋಗಿರುತ್ತವೆ. ಇಂತಹ ಸುರಂಗಗಳ ಸಮಗ್ರ ಜಾಲವನ್ನು ಗುದ್ದಲಿ ಹಿಡಿಯದೆಯೇ ತೋಡಿ ಮುಗಿಸಿರುವ ಮಹನೀಯರೊಬ್ಬರು ನಮ್ಮ ಬೀದಿಯಲ್ಲಿ ವಾಸವಾಗಿದ್ದಾರೆ. ಅವರಿಗೆ ತಂದೆತಾಯಿಗಳಿಟ್ಟ ಹೆಸರು ಬೇರೆ ಇದ್ದರೂ ಬೀದಿಯ ಮಕ್ಕಳು ಇಟ್ಟ ಹೆಸರೇ ನಿಂತಿದೆ. ಸುರಂಗದ ರಾಯರೆಂದರೆ ಅಂಚೆಯವನಿಗೂ ವಿಳಾಸ ಬೇಕಾಗುವುದಿಲ್ಲ.

ರಾಯರು ವಿಶ್ರಾಂತರಾಗುವುದಕ್ಕೆ ಮೊದಲು ನೋಂದಣಿ ಇಲಾಖೆಯಲ್ಲಿದ್ದವರು. ಗುಮಾಸ್ತೆಯಾಗಿ ಸೇರಿ ಸಬ್ ರಿಜಿಸ್ಟ್ರಾರರಾಗಿ ಹೊರಬಂದವರು. ಅವರ ಕೈಯಲ್ಲಿ ನಲುಗದೆ ಪಾರಾದ ದಸ್ತಾವೇಜಿಲ್ಲವೆಂದು ಹಳೆಯ ಪತ್ರಬರಹಗಾರರು ಇಂದಿಗೂ, ಭಯ ಭಕ್ತಿ ಎರಡೂ ಬೆರೆತ ಧ್ವನಿಯಲ್ಲಿ, ನೆನೆಯುತ್ತಾರೆ. ಚಕ್ಕುಬಂದಿಯಲ್ಲಿ ಪೂರ್ವಕ್ಕಿರಬೇಕಾದ ಓಣಿ ಪಶ್ಚಿಮಕ್ಕೆ ಸರಿದಿದ್ದರೆ, ಸಾಕ್ಷಿಯ ತಂದೆಯ ಹೆಸರಿನಲ್ಲಿ ಒಂದು ಒತ್ತಕ್ಷರ ಜಾರಿದ್ದರೆ, ಹೆಬ್ಬೆಟ್ಟಿನ ಗುರುತು ಮಸಕಾಗಿ ಬಿದ್ದಿದ್ದರೆ, ಬಿಕ್ಕಲಂ ಬರೆದವನ ರುಜು ಹಿಂದಿನ ಪತ್ರದ ರುಜುವಿಗಿಂತ ಎಳ್ಳಷ್ಟು ಭಿನ್ನವಾಗಿ ಕಂಡರೆ, ಪಕ್ಷಗಾರರು ಎಷ್ಟೇ ದೂರದಿಂದ ಬಂದಿರಲಿ, ಮುಹೂರ್ತ ಮೀರುತ್ತಿದೆಯೆಂದು ಎಷ್ಟೇ ಅಂಗಲಾಚಲಿ, ರಾಯರು ಕನ್ನಡಕದ ಮೇಲಿನಿಂದ ಒಮ್ಮೆ ದಿಟ್ಟಿಸಿ, "ಮೂಲಪತ್ರ ತನ್ನಿ, ಸ್ವಾಮಿ" ಎಂಬ ಮೂರೇ ಮಾತಿನಲ್ಲಿ ಅವರನ್ನು ಊರಿಗೆ ಕಳುಹಿಸುತ್ತಿದ್ದರಂತೆ. ತಮ್ಮ ಸ್ವಂತ ದಾಯಾದಿಗಳೊಡನೆ ಪಾಲುಪಾರೀಕತ್ತು ಆದಾಗಲೂ ನೆರಳಚ್ಚಿನ ಪ್ರತಿಯನ್ನು ಕೈಯಿಂದ ಮುಟ್ಟದೆ, ದೃಢೀಕೃತ ನಕಲು ಬರುವವರೆಗೆ ಅಣ್ಣನ ಮನೆಯಲ್ಲಿ ಊಟಕ್ಕೂ ಏಳಲಿಲ್ಲವೆಂದು ಅವರ ಪತ್ನಿ ನನ್ನ ಮನೆಯಾಕೆಗೆ ಹೇಳಿದ್ದುಂಟು.

ಇಷ್ಟು ಜಾಗರೂಕರಾದ ಪುರುಷರು, ಇತಿಹಾಸದ ವಿಷಯ ಬಂದೊಡನೆ, ಯಾರು ಯಾವ ಕಾಗದವನ್ನು ತಂದು ಮುಂದಿಟ್ಟರೂ ಓದದೆಯೇ ಮೊಹರು ಒತ್ತಿಬಿಡುವುದು ಹೇಗೆ? ಪ್ರಾತಃಕಾಲದಲ್ಲಿ ಕಾಫಿಯ ಲೋಟವನ್ನು ಕೆಳಗಿಟ್ಟು ಅವರು ಫೋನನ್ನು ಕೈಗೆತ್ತಿಕೊಂಡರೆಂದರೆ, ಅಂದಿನ ವಾಟ್ಸ್ಯಾಪ್ ಸಂದೇಶಗಳಲ್ಲಿ ಬಂದ ಸಂಶೋಧನೆಗಳೆಲ್ಲ ಮಧ್ಯಾಹ್ನದೊಳಗೆ ಬೀದಿಯ ಸ್ವತ್ತಾಗುತ್ತವೆ. ಕಳುಹಿಸಿದವನು ಯಾರು, ಬರೆದವನು ಯಾರು, ಸಾಕ್ಷಿ ಯಾರೆಂಬ ಪ್ರಶ್ನೆಗಳು ಅಲ್ಲಿ ಹುಟ್ಟುವುದೇ ಇಲ್ಲ. ಅವರ ಬುದ್ಧಿಗೆ ಮಂಕು ಕವಿದಿದೆಯೆಂದು ಹೇಳುವವರಿದ್ದಾರೆ, ನಾನು ಒಪ್ಪುವುದಿಲ್ಲ. ಅವರ ಬಳಿಗೆ ಬರುವ ಇಂತಹ ಸಂದೇಶಗಳಿಗೆಲ್ಲ ಒಂದು ಸಮಾನಗುಣವಿದೆ: ಓದಿ ಮುಗಿಸುವ ಹೊತ್ತಿಗೆ ರಾಯರು ಯಾವುದೋ ಅಪಾರವಾದ ಆಸ್ತಿಗೆ ವಾರಸುದಾರರಾಗಿರುತ್ತಾರೆ. ತನಗೆ ಆಸ್ತಿ ಬರುವ ಉಯಿಲನ್ನು ಖೋಟಾ ಎಂದು ವಾದಿಸಿದ ವಾರಸುದಾರನನ್ನು ಅವರು ತಮ್ಮ ಸೇವಾವಧಿಯಲ್ಲೇ ಕಂಡಿರಲಿಲ್ಲ. ನಿವೃತ್ತರಾದ ಮೇಲೆ ತಾವೇ ಅಂತಹವರಾಗಬೇಕೆಂದರೆ ಹೇಗೆ?

ಈ ಮಾರ್ಗದಲ್ಲಿ ಅವರ ಆದಿಗುರುಗಳು ಪುರುಷೋತ್ತಮ ನಾಗೇಶ ಓಕರು. 1964ರಲ್ಲಿ ಭಾರತೀಯ ಇತಿಹಾಸವನ್ನು ಪುನಃ ಬರೆಯುವುದಕ್ಕೆಂದೇ ಒಂದು ಸಂಸ್ಥೆಯನ್ನು ಸ್ಥಾಪಿಸಿ, ತಾಜಮಹಲನ್ನು ತೇಜೋಮಹಾಲಯವನ್ನಾಗಿಯೂ ವ್ಯಾಟಿಕನ್ನನ್ನು ವಾಟಿಕೆಯನ್ನಾಗಿಯೂ ಪರಿವರ್ತಿಸಿದ ಆ ಮಹಾಶಯರ ಅರ್ಜಿಯನ್ನು 2000ದಲ್ಲಿ ಸರ್ವೋಚ್ಚ ನ್ಯಾಯಾಲಯವು ತಳ್ಳಿಹಾಕಿತು. ಆದರೆ ಅರ್ಜಿಗಳು ವಜಾ ಆಗುವುದು ಕಾಗದಪತ್ರ ಸರಿಯಿಲ್ಲದೆಯೇ ಹೊರತು ಸತ್ಯವಿಲ್ಲದೆ ಅಲ್ಲವೆಂಬುದನ್ನು ಕಚೇರಿಯಲ್ಲಿ ಕಂಡಿದ್ದ ರಾಯರು ಇದರಿಂದ ಎದೆಗುಂದಲಿಲ್ಲ. ಗುರುಗಳ ವಿದ್ಯೆಯನ್ನು ಶಿಷ್ಯರು ಕನ್ನಡಕ್ಕೂ ವಿಸ್ತರಿಸಿದ್ದಾರೆ. ಕೆನಡಾ ದೇಶಕ್ಕೆ ಆ ಹೆಸರನ್ನು ಕೊಟ್ಟವರು ಯಾರೆಂಬುದನ್ನು ವಾಚಕರು ಊಹಿಸಬಲ್ಲರಾದ್ದರಿಂದ ಈ ಭಾಗವನ್ನು ನಾನು ಬೆಳೆಸುವುದಿಲ್ಲ.

ಬೆಂಗಳೂರಿನ ಹೆಸರಿನ ಕಥೆಯನ್ನು ಮಾತ್ರ ಹೇಳದೆ ಬಿಡಲಾಗದು. ಬೇಟೆಯಲ್ಲಿ ದಾರಿ ತಪ್ಪಿದ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಬಡಿಸಿದಳೆಂಬ ಐತಿಹ್ಯವನ್ನು ನಾವೆಲ್ಲ ಅಜ್ಜಿಯರಿಂದ ಕೇಳಿದವರೇ. ಕಥೆಯಾಗಿ ಅದು ನನಗೂ ಪ್ರಿಯವಾದದ್ದೇ. ಬೇಗೂರಿನಲ್ಲಿರುವ ಗಂಗರ ಕಾಲದ ವೀರಗಲ್ಲಿನಲ್ಲಿ, ಕ್ರಿ.ಶ. 900ರ ಸುಮಾರಿನಲ್ಲಿಯೇ, ಬೆಂಗಳೂರಿನ ಕಾಳಗದ ಹೆಸರು ಬಂದಿದೆಯೆಂದೂ, ಬಲ್ಲಾಳರು ಹುಟ್ಟಿದ್ದೇ ಅದಕ್ಕೆ ಇನ್ನೂರು ವರ್ಷಗಳಿಗೂ ಹೆಚ್ಚು ತರುವಾಯವೆಂದೂ, ಆದ್ದರಿಂದ ಆ ಕಾಳುಗಳು ಬೇಯುವ ಮೊದಲೇ ಊರಿಗೆ ನಾಮಕರಣವಾಗಿ ಹೋಗಿತ್ತೆಂದೂ ಒಂದು ಸಂಜೆ ರಾಯರಿಗೆ ನಿವೇದಿಸಿದೆ. ಅವರು ಕ್ಷಣಕಾಲ ಯೋಚಿಸಿದರು. ಅನಂತರ ಮುಖ ಪ್ರಸನ್ನವಾಯಿತು.

"ಹಾಗಾದರೆ ಬಲ್ಲಾಳ ನಾವು ತಿಳಿದಿರುವುದಕ್ಕಿಂತ ಮುನ್ನೂರು ವರ್ಷ ಹಿಂದಿನವನು, ಸ್ವಾಮಿ. ಅವನ ಕಾಲವನ್ನು ಆಂಗ್ಲೇಯರು ಈಚೆಗೆ ತಳ್ಳಿದ್ದಾರೆ. ಇದು ಬಹಳ ದೊಡ್ಡ ವಿಷಯ. ನೀವು ಯಾರಿಗೂ ಹೇಳಬೇಡಿ, ನಾನು ಬರೆಯುತ್ತೇನೆ."

ರಾಜನನ್ನು ಶತಮಾನಗಳ ಆಚೆಗೆ ಎತ್ತಿಡುವುದು ಅವರಿಗೆ ಸುಲಭ. ಒಂದು ಬೋಗುಣಿ ಕಾಳನ್ನು ಕದಲಿಸುವುದು ಅಸಾಧ್ಯ.

ವಿಮಾನದ ಪ್ರಕರಣ ಬಂದರೆ ರಾಯರ ವಾಣಿಗೆ ಉತ್ಸಾಹವೂ ಸ್ಥಳಾಭಿಮಾನವೂ ಕೂಡಿಕೊಳ್ಳುತ್ತವೆ, ಏಕೆಂದರೆ ಇದು ನಮ್ಮ ನೆಲದ್ದೇ ಸರಕು. ಭರದ್ವಾಜ ಮಹರ್ಷಿಗಳದೆಂದು ಪ್ರಸಿದ್ಧವಾಗಿರುವ ವೈಮಾನಿಕ ಶಾಸ್ತ್ರವನ್ನು ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರವರೆಗಿನ ಅವಧಿಯಲ್ಲಿ ಬಾಯಿಂದ ಹೇಳಿ ಬರೆಯಿಸಿದರು, ಅದರ ಚಿತ್ರಗಳನ್ನು ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ನಕ್ಷೆಗಾರರಾಗಿದ್ದ ಎಲ್ಲಪ್ಪನವರು ಬರೆದರು, 1973ರಲ್ಲಿ ಜಿ. ಆರ್. ಜೋಸಯರ್ ಅವರು ನಮ್ಮ ಮೈಸೂರಿನಿಂದಲೇ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಐವರು ವಿದ್ವಾಂಸರು, ಅಣಕಿಸುವುದಕ್ಕಾಗಿ ಅಲ್ಲ, ಗಣಿತವನ್ನಿಟ್ಟುಕೊಂಡು, ಶಕುನ, ಸುಂದರ, ರುಕ್ಮ, ತ್ರಿಪುರಗಳೆಂಬ ಅದರ ನಾಲ್ಕು ವಿಮಾನಗಳನ್ನೂ ತೂಗಿ ಅಳೆದು ನೋಡಿ, ಇವುಗಳಲ್ಲಿ ಯಾವುದೂ ಹಾರಲಾರದೆಂದೂ, ಗ್ರಂಥದ ಸಂಸ್ಕೃತ ಆಧುನಿಕವೆಂದೂ, 1904ಕ್ಕೆ ಹಿಂದಿನದಾಗಿರಲಾರದೆಂದೂ ತೀರ್ಮಾನಿಸಿದರು. ಈ ತೀರ್ಮಾನವನ್ನು ನಾನು ಮುಂದಿಟ್ಟಾಗ ರಾಯರು ನನ್ನನ್ನು ಕರುಣೆಯಿಂದ ನೋಡಿ, "ಮಂತ್ರವಿಲ್ಲದೆ ಲೆಕ್ಕ ಹಾಕಿದರೆ ಯಾವ ವಿಮಾನ ಹಾರೀತು, ಸ್ವಾಮಿ?" ಎಂದರು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ವಿಜ್ಞಾನ ಮಂದಿರದಲ್ಲಿಯೂ ಇದ್ದಿರಲಾರದು.

ನನಗೆ ವ್ಯಥೆಯುಂಟುಮಾಡುವುದು ಬೇರೊಂದು ಸಂಗತಿ. ರಾಯರ ಮನೆಯಿಂದ ನಿಧಾನವಾಗಿ ನಡೆದರೂ ಬಹುಬೇಗ ತಲುಪಬಹುದಾದ ದೂರದಲ್ಲಿ ನಮ್ಮ ಪ್ರಾಚ್ಯವಿದ್ಯಾ ಸಂಶೋಧನಾಲಯವಿದೆ. 1891ರಲ್ಲಿ ಸ್ಥಾಪಿತವಾದ ಆ ಭಂಡಾರದಲ್ಲಿಯೇ, ತಂಜಾವೂರು ಕಡೆಯ ಪಂಡಿತರೊಬ್ಬರು ಒಪ್ಪಿಸಿದ ತಾಳೆಗರಿಯ ಕಟ್ಟಿನಲ್ಲಿ, ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಅದು ಅಚ್ಚಾಯಿತು. ಹೆಸರು ಮಾತ್ರ ಉಳಿದು ಗ್ರಂಥ ಅಳಿದುಹೋಗಿದೆಯೆಂದು ವಿದ್ವಲ್ಲೋಕ ಕೈಬಿಟ್ಟಿದ್ದ ಮಹಾಶಾಸ್ತ್ರವೊಂದು, ನಮ್ಮ ಊರಿನ ಒಬ್ಬ ಗ್ರಂಥಪಾಲಕರ ತಾಳ್ಮೆಯಿಂದ, ಮರಳಿ ಜಗತ್ತಿಗೆ ದೊರೆತ ಈ ಕಥೆಯಲ್ಲಿ ಯಾವ ಗುಪ್ತ ಸುರಂಗಕ್ಕೆ ಕಡಿಮೆಯಾದ ರೋಮಾಂಚವಿದೆ? ಆದರೂ ರಾಯರು ಆ ಮೆಟ್ಟಿಲನ್ನು ಹತ್ತಿದವರಲ್ಲ. "ಅಲ್ಲಿ ಎಲ್ಲವನ್ನೂ ಪಟ್ಟಿ ಮಾಡಿಟ್ಟಿದ್ದಾರಂತೆ" ಎಂದು ಅವರು ನಿರಾಸಕ್ತಿಯಿಂದ ಹೇಳುವುದನ್ನು ಕೇಳಿದರೆ, ಪಟ್ಟಿಗೆ ಸಿಕ್ಕಿದ ವಸ್ತು ರಹಸ್ಯವಾಗುವ ಯೋಗ್ಯತೆಯನ್ನೇ ಕಳೆದುಕೊಂಡಿತೆಂಬ ಭಾವ ಸ್ಪಷ್ಟವಾಗುತ್ತದೆ.

ಆ ಶಾಮಶಾಸ್ತ್ರಿಗಳ ಹೆಸರನ್ನೇ ಇನ್ನೊಂದು ಸಂದರ್ಭದಲ್ಲಿ ರಾಯರು ಧಾರಾಳವಾಗಿ ಬಳಸುತ್ತಾರೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕಿದ ಪಪೈರಸ್ ಹಾಳೆಗಳಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಅದರಲ್ಲಿ ಭಾರತದ ತೀರದ ಜನ ಆಡುವ ಕೆಲವು ಅರ್ಥವಾಗದ ಮಾತುಗಳಿವೆ. ಅವು ಕನ್ನಡವಾಗಿರಬಹುದೆಂದು 1904ರಲ್ಲಿ ಹುಲ್ಟ್ಶ್ ಎಂಬ ಜರ್ಮನ್ ವಿದ್ವಾಂಸರು ಸೂಚಿಸಿದರು, ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಆ ಜಾಡನ್ನು ಹಿಡಿದು ಪರಿಶ್ರಮಪಟ್ಟರು, ಅಲ್ಲವೆಂದು ವಾದಿಸಿದವರೂ ಉಂಟು, ವಿವಾದ ಮುಗಿದಿಲ್ಲ. ಆದರೆ ರಾಯರ ವ್ಯಾಕರಣದಲ್ಲಿ ಸಂಭಾವನಾರ್ಥಕ ರೂಪಗಳೇ ಇಲ್ಲ. 'ಇದ್ದೀತು' ಎಂದು ಅವರ ಕಿವಿಗೆ ಹೋದದ್ದು 'ಇತ್ತು' ಎಂದು ಬಾಯಿಂದ ಹೊರಬರುತ್ತದೆ. ಈಗ ಸದ್ಯಕ್ಕೆ ಈಜಿಪ್ಟು ಕರ್ನಾಟಕದ ಒಂದು ತಾಲ್ಲೂಕಾಗಿದೆ. ಪಿರಮಿಡ್ಡುಗಳ ಖಾತೆ ಬದಲಾವಣೆಯೊಂದು ಬಾಕಿ.

ರಾಯರ ಪಡಸಾಲೆಯಲ್ಲಿ, ಕಟ್ಟು ಹಾಕಿಸಿದ ಒಂದು ಇಂಗ್ಲಿಷ್ ಉಕ್ತಿ ದೇವರ ಪಟಗಳಿಗೆ ಸರಿಸಮನಾಗಿ ತೂಗಾಡುತ್ತಿದೆ. 1835ನೆಯ ಫೆಬ್ರವರಿ 2ರಂದು ಮೆಕಾಲೆಯು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ನಿಂತು, ತಾನು ಭಾರತವನ್ನೆಲ್ಲ ಸುತ್ತಿದರೂ ಒಬ್ಬ ಭಿಕ್ಷುಕನನ್ನಾಗಲಿ ಒಬ್ಬ ಕಳ್ಳನನ್ನಾಗಲಿ ಕಾಣಲಿಲ್ಲವೆಂದೂ, ಇಂತಹ ಜನರನ್ನು ಗೆಲ್ಲಬೇಕಾದರೆ ಅವರ ವಿದ್ಯಾಪದ್ಧತಿಯ ಬೆನ್ನುಮೂಳೆಯನ್ನು ಮುರಿಯಬೇಕೆಂದೂ ಭಾಷಣ ಮಾಡಿದನೆಂಬುದು ಅದರ ತಾತ್ಪರ್ಯ. ಈ ಪಟವನ್ನು ನೋಡಿದಾಗಲೆಲ್ಲ ನನ್ನ ನಾಲಗೆ ತುರಿಸುತ್ತಿತ್ತು. ಕಡೆಗೆ ಒಂದು ದಿನ ಹೇಳಿಯೇಬಿಟ್ಟೆ: "ರಾಯರೆ, ಆ ಮನುಷ್ಯ 1834ರ ಜೂನ್ ತಿಂಗಳಲ್ಲಿ ಮದರಾಸಿನಲ್ಲಿ ಹಡಗಿಳಿದು, ಮೇನೆಯಲ್ಲಿ ಕುಳಿತು, ಬೆಂಗಳೂರು, ಶ್ರೀರಂಗಪಟ್ಟಣ, ನಮ್ಮ ಮೈಸೂರು, ಇವುಗಳ ಮೇಲೆಯೇ ಉದಕಮಂಡಲಕ್ಕೆ ಹೋದ. ಅಲ್ಲಿಂದ ಕಲ್ಕತ್ತೆಗೆ ಹೋದವನು ಅಲ್ಲಿಯೇ ಇದ್ದ. ನೀವು ಹೇಳುವ ತಾರೀಖಿನಲ್ಲಿ ಅವನು ಕಲ್ಕತ್ತೆಯಲ್ಲಿ ಕುಳಿತು ವಿದ್ಯಾಭ್ಯಾಸದ ಟಿಪ್ಪಣಿಗೆ ರುಜು ಹಾಕುತ್ತಿದ್ದ. ಲಂಡನ್ನಿನಲ್ಲಿ ಭಾಷಣ ಮಾಡುವುದು ಹೇಗೆ?"

ಸಬ್ ರಿಜಿಸ್ಟ್ರಾರರ ಕುರ್ಚಿಯಲ್ಲಿದ್ದಾಗ, ಒಂದೇ ತಾರೀಖಿನಲ್ಲಿ ಎರಡು ಊರುಗಳಲ್ಲಿ ರುಜು ಹಾಕಿದ ಪಕ್ಷಗಾರನನ್ನು ರಾಯರು ಪೊಲೀಸರಿಗೆ ಒಪ್ಪಿಸುತ್ತಿದ್ದರು. ಈಗ ಅವರ ಕಣ್ಣುಗಳು ಅರಳಿದವು.

"ಅದೇ ನೋಡಿ! ಕಲ್ಕತ್ತೆಯಲ್ಲಿದ್ದುಕೊಂಡು ಲಂಡನ್ನಿನಲ್ಲಿ ಮಾತನಾಡುವುದು. ಸಂಜಯನ ವಿದ್ಯೆ. ಈ ದೇಶಕ್ಕೆ ಬಂದು ಎಂಟು ತಿಂಗಳಾಗಿಲ್ಲ, ಆಗಲೇ ಕದ್ದುಬಿಟ್ಟಿದ್ದ!"

ಆ ದಿನದ ನಿಜವಾದ ಟಿಪ್ಪಣಿಯಲ್ಲಿಯೇ, ಐರೋಪ್ಯ ಪುಸ್ತಕಭಂಡಾರದ ಒಂದು ಬೀರುವಿನ ಒಂದು ಹಲಗೆಗೆ ನಮ್ಮ ವಾಙ್ಮಯವೆಲ್ಲ ಸಮವಾಗದೆಂಬ ಅರ್ಥದ ಮಾತನ್ನು ಆತ ಬರೆದಿದ್ದಾನೆ. ಕೋಪ ಬರಬೇಕಾದವರಿಗೆ ಅದಕ್ಕಿಂತ ಹೆಚ್ಚಿನ ಇಂಧನ ಬೇಕಿಲ್ಲ. ಆದರೆ ಅದು ಅಚ್ಚಾದ, ಪರಿಶೀಲಿಸಬಹುದಾದ ಅವಮಾನ; ರಾಯರಿಗೆ ಅದರಲ್ಲಿ ರುಚಿಯಿಲ್ಲ. ವೈರಿಯು ಗುಟ್ಟಾಗಿ ತಮ್ಮನ್ನು ಹೊಗಳಿದ್ದನೆಂಬ ಸುಳ್ಳು, ಅವನು ಬಹಿರಂಗವಾಗಿ ತೆಗಳಿದ್ದನೆಂಬ ನಿಜಕ್ಕಿಂತ ಎಷ್ಟೋ ಹಿತಕರ.

ಅವರ ಪತ್ನಿಯನ್ನು ಕುರಿತು ಒಂದು ಮಾತು. ಆಕೆ ಪತಿಯ ಸಂಶೋಧನೆಗಳನ್ನು ವಿರೋಧಿಸುವುದಿಲ್ಲ, ಸಮರ್ಥಿಸುವುದೂ ಇಲ್ಲ. ಒಮ್ಮೆ ರಾಯರು ಮಹಾಭಾರತದ ಕಾಲದ ಅಣ್ವಸ್ತ್ರವನ್ನು ನನಗೆ ವಿವರಿಸುತ್ತಿದ್ದಾಗ ಒಳಗಿನಿಂದ ಬಂದು, "ಅದೇನೋ ಸಿಡಿಯುವುದಕ್ಕೆ ಮುಂಚೆ ಗ್ಯಾಸ್ ಏಜೆನ್ಸಿಗೆ ಫೋನು ಮಾಡಿಬಿಡಿ, ಸಿಲಿಂಡರ್ ಮುಗಿದು ಎರಡು ದಿನವಾಯಿತು" ಎಂದು ಹೇಳಿ ಹೋದರು. ಇತಿಹಾಸದ ಬಗ್ಗೆ ಆಕೆ ನನ್ನ ಮುಂದೆ ಆಡಿದ್ದು ಅಷ್ಟೆ.

ಕಾರ್ತಿಕದ ಒಂದು ಭಾನುವಾರ ನಮ್ಮ ಬೀದಿಯ ಹಿರಿಯರೆಲ್ಲ ಸೇರಿ ಒಂದು ಮಿನಿಬಸ್ಸನ್ನು ಗೊತ್ತು ಮಾಡಿಕೊಂಡು, ಪುಳಿಯೋಗರೆ ಮೊಸರನ್ನಗಳ ಡಬ್ಬಗಳೊಡನೆ, ಬನ್ನೂರಿನ ಮೇಲೆ ಸೋಮನಾಥಪುರಕ್ಕೆ ಹೋದೆವು. ಎದುರುಮನೆಯವರ ಮೊಮ್ಮಗಳು, ವಿಶ್ವವಿದ್ಯಾನಿಲಯದಲ್ಲಿ ಶಾಸನಶಾಸ್ತ್ರ ಓದುತ್ತಿರುವ ಹುಡುಗಿ, ಅಜ್ಜಿಯ ಕೈ ಹಿಡಿದು ನಡೆಸುವುದಕ್ಕೆಂದು ಜೊತೆಗೆ ಬಂದಿದ್ದಳು. ದೇವಾಲಯದ ನವರಂಗವನ್ನು ಪ್ರವೇಶಿಸುತ್ತಲೇ ರಾಯರು ಕಂಬವೊಂದನ್ನು ತಟ್ಟಿ, ಇದು ಉಳಿಯ ಕೆಲಸವಲ್ಲ, ಯಂತ್ರದಲ್ಲಿ ತಿರುಗಿಸಿದ್ದು, ಎಂದು ಘೋಷಿಸಿದರು. ಆಶ್ಚರ್ಯವೆಂದರೆ ಮಾತು ಅಷ್ಟಕ್ಕೇ ನಿಂತಿದ್ದರೆ ಅವರು ವಿದ್ವಾಂಸರ ಪಂಕ್ತಿಯಲ್ಲಿಯೇ ಕುಳಿತಿರುತ್ತಿದ್ದರು. ಹೊಯ್ಸಳರ ಇಂತಹ ನುಣುಪಾದ ಕಂಬಗಳನ್ನು ತಿರುಗಣೆಗೆ ಕಟ್ಟಿ ಕಡೆದರೆಂದೇ ಬಲ್ಲವರ ಮತ. ಗಣಿಯಿಂದ ತೆಗೆದ ಹೊಸತರಲ್ಲಿ ಮೃದುವಾಗಿದ್ದು, ಗಾಳಿ ತಾಕಿದಂತೆ ಗಡುಸಾಗುವ ಬಳಪದ ಕಲ್ಲು ಅದಕ್ಕೆ ಅನುಕೂಲವಾಗಿತ್ತು. ಆದರೆ ಸತ್ಯದ ನಿಲ್ದಾಣದಲ್ಲಿ ಇಳಿದುಕೊಳ್ಳುವ ಅಭ್ಯಾಸ ರಾಯರಿಗಿಲ್ಲ. ಯಂತ್ರಕ್ಕೆ ವಿದ್ಯುತ್ತು ಬೇಕಾಯಿತು, ವಿದ್ಯುತ್ತಿಗೆ ಪಕ್ಕದ ಕಾವೇರಿ ಒದಗಿತು, ಮೇಲ್ಛಾವಣಿಯಿಂದ ಬಾಳೆಯ ಹೂವಿನ ಮೊಗ್ಗಿನಂತೆ ಇಳಿಬಿದ್ದಿರುವ ಆ ಅನುಪಮವಾದ ಕೆತ್ತನೆ ವಿದ್ಯುತ್ತನ್ನು ಇಳಿಸಿಕೊಳ್ಳುವ ಉಪಕರಣವಾಯಿತು.

ಹೊರಗೋಡೆಯ ಬಳಿ ಹುಡುಗಿ ಅವರನ್ನು ತಡೆದು ನಿಲ್ಲಿಸಿದಳು. ವಿಗ್ರಹವೊಂದರ ಪೀಠದ ಮೇಲೆ, ಬೆರಳಗಲದ ಜಾಗದಲ್ಲಿ, ಕೆಲವು ಹಳಗನ್ನಡ ಅಕ್ಷರಗಳಿದ್ದವು.

"ತಾತ, ಇಲ್ಲಿ ನೋಡಿ. ಮಲ್ಲಿತಮ್ಮ. ಕೆತ್ತಿದವನೇ ಬರೆದುಕೊಂಡಿರೋದು. ಈ ಗುಡಿಯಲ್ಲಿ ಎಷ್ಟೋ ವಿಗ್ರಹಗಳ ಕೆಳಗೆ ಅವನ ಹೆಸರಿದೆ. ಕೆಲವು ಕಡೆ ಬೇಸರವಾಗಿ ಬರೀ 'ಮ' ಅಂತ ಹಾಕಿಬಿಟ್ಟಿದ್ದಾನೆ."

ಏಳುನೂರೈವತ್ತು ವರ್ಷಗಳಿಗೂ ಹಿಂದೆ, ದಿನವೆಲ್ಲ ಉಳಿ ಹಿಡಿದು ಕೈಸೋತ ಮನುಷ್ಯನೊಬ್ಬ ಸಂಕ್ಷೇಪವಾಗಿ ರುಜು ಹಾಕಿ ಕೆಳಗಿಳಿದದ್ದನ್ನು ನಾವು ನೋಡುತ್ತಿದ್ದೆವು. ರಾಯರು ಬಗ್ಗಿ, ಕನ್ನಡಕವನ್ನು ಸರಿಪಡಿಸಿಕೊಂಡು, ಆ ಏಕಾಕ್ಷರವನ್ನು ದೀರ್ಘಕಾಲ ಪರೀಕ್ಷಿಸಿದರು.

"ಮಯ" ಎಂದರು ಕೊನೆಗೆ. "ಮಯಾಸುರ. ಇಂದ್ರಪ್ರಸ್ಥದ ಸಭೆಯನ್ನು ಕಟ್ಟಿದವನು. ನನಗೆ ಮೊದಲೇ ಅನುಮಾನವಿತ್ತು."

ಹುಡುಗಿ ನಗಲಿಲ್ಲ, ಅಧ್ಯಾಪಕವೃತ್ತಿಗೆ ಬೇಕಾದ ಸಹನೆ ಆಕೆಯಲ್ಲಿದೆ. ಹೊರಡುವಾಗ ಮಹಾದ್ವಾರದಲ್ಲಿ ನಿಂತಿರುವ ದೊಡ್ಡ ಶಾಸನಶಿಲೆಯ ಮುಂದೆ ಇನ್ನೊಂದು ಪ್ರಯತ್ನ ಮಾಡಿದಳು. ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು 1258ರಲ್ಲಿ ಈ ದೇವಾಲಯವನ್ನು ಪ್ರತಿಷ್ಠೆ ಮಾಡಿದ ಸಂಗತಿ, ಅಗ್ರಹಾರ, ದೇವರಿಗೆ ಬಿಟ್ಟ ದತ್ತಿಗಳು, ಇವೆಲ್ಲ ಅದರಲ್ಲಿವೆಯೆಂದಳು. ರಾಯರು ಬಸ್ಸಿನ ಕಡೆ ನೋಡುತ್ತಿದ್ದರು. "ಒಂದು ಥರದಲ್ಲಿ ಇದೂ ದಾನಪತ್ರವೇ, ತಾತ" ಎಂದು ಆಕೆ ಸೇರಿಸಿದಳು.

ರಾಯರು ತಿರುಗಿದರು.

"ದಾನಪತ್ರವೆ? ನೋಂದಣಿಯಾದದ್ದೆ?"

"ಕಲ್ಲಿನಲ್ಲಿ ಕೆತ್ತಿಸಿ ಎಲ್ಲರಿಗೂ ಕಾಣುವ ಕಡೆ ನಿಲ್ಲಿಸೋದೇ ಆಗಿನ ನೋಂದಣಿ ಅಲ್ವೆ?"

"ಚಕ್ಕುಬಂದಿ?"

"ದಾನಶಾಸನಗಳಲ್ಲಿ ಎಲ್ಲೆ ಬರೆದೇ ಬರೆಯುತ್ತಿದ್ದರು, ತಾತ. ಇಂಥ ದಿಕ್ಕಿಗೆ ಹುಣಿಸೆಮರ, ಇಂಥ ದಿಕ್ಕಿಗೆ ಹಳ್ಳ, ಇಂಥ ದಿಕ್ಕಿಗೆ ನೆಟ್ಟ ಕಲ್ಲು. ಬಹಳ ಕಡೆ ಸಾಕ್ಷಿಗಳೂ ಇರುತ್ತಾರೆ. ಕೊನೆಯಲ್ಲಿ ಬರೆದವನ ಹೆಸರು, ಕೆತ್ತಿದವನ ಹೆಸರು."

"ಬಿಕ್ಕಲಂ!" ಎಂದು ರಾಯರು ಉದ್ಗರಿಸಿದರು. ಅವರು ಈಗ ಶಿಲೆಗೆ ಮೂಗು ತಾಗುವಷ್ಟು ಸಮೀಪ ಹೋಗಿದ್ದರು. ಮೂವತ್ತು ವರ್ಷ ದಸ್ತಾವೇಜು ನೋಡಿದ ಕಣ್ಣುಗಳು, ತಮಗೆ ಓದಲು ಬಾರದ ಲಿಪಿಯ ಮೇಲೆ, ಸಾಲಿನಿಂದ ಸಾಲಿಗೆ, ತಿದ್ದುಪಡಿಯನ್ನೂ ಹೊಡೆದುಹಾಕಿದ ಅಕ್ಷರವನ್ನೂ ಹುಡುಕುತ್ತ ಇಳಿಯುತ್ತಿದ್ದವು. ದತ್ತಿಯನ್ನು ಮುಂದಿನವರು ಕಿತ್ತುಕೊಂಡರೆ ಏನು ಗತಿ, ದಂಡವೆಷ್ಟು, ಯಾವ ಕಚೇರಿಗೆ ಅಪೀಲು, ಎಂದು ಒಂದರ ಮೇಲೊಂದು ಪ್ರಶ್ನೆ ಬಂದವು. ಹಾಗೆ ಕಿತ್ತುಕೊಂಡವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಬರುವುದೆಂದೂ, ಅವನು ಅರುವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುವನೆಂದೂ ಶಾಸನಗಳ ಕೊನೆಯಲ್ಲಿ ಹೇಳುವ ಪದ್ಧತಿಯನ್ನು ಹುಡುಗಿ ವಿವರಿಸಿದಾಗ, ರಾಯರು ಆಳವಾದ ವೃತ್ತಿಗೌರವದಿಂದ ತಲೆದೂಗಿದರು. ಚಾಲಕನು ಹಾರನ್ನು ಬಾರಿಸಿದ್ದು ಅವರಿಗೆ ಕೇಳಿಸಲಿಲ್ಲ. ಅವರ ಪತ್ನಿ ಬಂದು ಮೊಸರನ್ನದ ಡಬ್ಬವನ್ನು ಕೈಗೆ ಕೊಟ್ಟು ಎಬ್ಬಿಸಿಕೊಂಡು ಹೋಗಬೇಕಾಯಿತು.

ಬನ್ನೂರು ದಾಟುವವರೆಗೂ ರಾಯರು ಮಾತನಾಡಲಿಲ್ಲ. ಕಿಟಕಿಯ ಪಕ್ಕದಲ್ಲಿ ಕುಳಿತು ಫೋನಿನಲ್ಲಿ ಏನನ್ನೋ ಬಲವಾಗಿ ಒತ್ತುತ್ತಿದ್ದರು. ನನ್ನ ಮನಸ್ಸಿನಲ್ಲಿ ಸಣ್ಣದೊಂದು ಆಸೆ ಹುಟ್ಟಿದ್ದನ್ನು ಮುಚ್ಚಿಡುವುದಿಲ್ಲ: ಸೋಮವಾರ ಅವರನ್ನು ಕೈಹಿಡಿದು ಪ್ರಾಚ್ಯವಿದ್ಯಾ ಸಂಶೋಧನಾಲಯದ ಮೆಟ್ಟಿಲು ಹತ್ತಿಸಬಹುದೇನೋ ಎಂದುಕೊಂಡೆ. ಅಷ್ಟರಲ್ಲಿ ಅವರು ನನ್ನ ಕಡೆಗೆ ಬಾಗಿ, ಹಿಂದಿನ ಆಸನಕ್ಕೆ ಕೇಳಿಸದಂತೆ ಧ್ವನಿ ತಗ್ಗಿಸಿದರು.

"1908ರ ನೋಂದಣಿ ಕಾಯಿದೆ ಇದೆಯಲ್ಲ, ಸ್ವಾಮಿ. ಪೂರ್ತಿ ಸೋಮನಾಥಪುರದಿಂದ ಕದ್ದದ್ದು. ಚಕ್ಕುಬಂದಿ, ಸಾಕ್ಷಿ, ಬಿಕ್ಕಲಂ, ಎಲ್ಲವೂ. ಆ ಹುಳುವಿನ ಕಲಮನ್ನು ಮಾತ್ರ ಬೇಕೆಂದೇ ಕೈಬಿಟ್ಟರು. ಸೇರಿಸಿದ್ದರೆ ಮೊದಲು ಅನ್ವಯಿಸುತ್ತಿದ್ದದ್ದು ಅವರಿಗೇ ನೋಡಿ."